ಸತ್ತ ಅಪ್ಪನಿಗೆ ಫೋನ್ ಮಾಡಿದಾಗ

ನಮ್ಮ ಕಾಮಿಕ್ಸ್ ಪತ್ರಿಕೆಯ ಎರಡನೇ ಸಂಚಿಕೆಯಲ್ಲಿ ನಾಯಕಿಯ ಅಪ್ಪ ಕಾರ್ಖಾನೆಯ ಬೆಂಕಿಯಲ್ಲಿ ಸತ್ತಿದ್ದರು. ಐದನೇ ಸಂಚಿಕೆಯ 11ನೇ ಪುಟದಲ್ಲಿ ಅವಳು ಫೋನ್ ಹಿಡಿದು "ಅಪ್ಪಾಜಿ, ಊಟ ಆಯ್ತಾ?" ಎಂದು ಕೇಳುತ್ತಾಳೆ. ಆ ಪುಟ ನೋಡಿ "ಸರಿ ಇದೆ" ಎಂದು ಸಹಿ ಹಾಕಿದವನು ನಾನೇ.

ಆಗ ನಾನು ಬೆಂಗಳೂರಿನ ಒಂದು ಪುಟ್ಟ ಕಾಮಿಕ್ಸ್ ಸಂಸ್ಥೆಯಲ್ಲಿ ಸಹಾಯಕ ಸಂಪಾದಕ. ತಿಂಗಳಿಗೆ 24 ಪುಟ. ಇಬ್ಬರು ಬರಹಗಾರರು ಸರದಿಯಲ್ಲಿ ಬರೆಯುತ್ತಿದ್ದರು. ಚಿತ್ರಕ್ಕೆ ಒಬ್ಬರು, ಮಾತಿನ ಬಲೂನಿನಲ್ಲಿ ಅಕ್ಷರ ಕೂರಿಸಲು ಇನ್ನೊಬ್ಬರು. ಹಿಂದೆ ಹೇಳಿದ್ದಕ್ಕೂ ಈಗ ಹೇಳುತ್ತಿರುವುದಕ್ಕೂ ತಾಳೆ ಆಗುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಕಂಟಿನ್ಯುಯಿಟಿ ಅಂತಾರಲ್ಲ, ಅದು. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಓದಿಕೊಂಡೇ ಬೆಳೆದವನು ನಾನು. ಯಾರು ಯಾವ ಸಂಚಿಕೆಯಲ್ಲಿ ಸತ್ತರು, ಯಾವಾಗ ಎದ್ದು ಬಂದರು ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ ಎಂಬ ಜಂಬ ಬೇರೆ.

ತಪ್ಪು ಎಲ್ಲಿ ನುಸುಳಿತು ಅಂತ ಹಿಂದಕ್ಕೆ ಹೋಗಿ ನೋಡಿದೆ. ಸ್ಕ್ರಿಪ್ಟ್‌ನಲ್ಲಿ ಆ ಮಾತೇ ಇರಲಿಲ್ಲ. ಅವಳು ಸುಮ್ನೆ ಫೋನ್ ಹಿಡಿದು ಕಿಟಕಿಯ ಹತ್ತಿರ ನಿಂತಿರುವ ಪ್ಯಾನಲ್ ಅದು, ಅಂದರೆ ಪುಟದ ಒಂದು ಚಿತ್ರದ ಚೌಕ. ಅಕ್ಷರ ಕೂರಿಸುವ ದಿನ ಪ್ಯಾನಲ್ ಖಾಲಿ ಕಾಣಿಸಿತು. ಎರಡನೇ ಬರಹಗಾರರು ಒಂದು ಸಾಲು ತುಂಬಿಸಿದರು. ಅವರ ತಲೆಯಲ್ಲಿದ್ದದ್ದು ಮೊದಲ ದಿನದ ಕಥಾಸಾರ, ಅದರಲ್ಲಿ ಅಪ್ಪ ಬದುಕಿದ್ದರು. ಎರಡನೇ ಸಂಚಿಕೆ ಬರೆದವರು ಇನ್ನೊಬ್ಬರು. ಅಕ್ಷರ ಕೂರಿಸಿದವರು ಸಂಪಾದಕರು ನೋಡಿರುತ್ತಾರೆ ಅಂದುಕೊಂಡರು. ನಾನು ಸ್ಕ್ರಿಪ್ಟ್ ಹಂತದಲ್ಲೇ ನೋಡಿದ್ದೀನಲ್ಲ ಅಂತ, ಕೊನೆಯಲ್ಲಿ ಒತ್ತಕ್ಷರ, ದೀರ್ಘ ಮಾತ್ರ ನೋಡಿದೆ.

ನನಗೆ ಮೊದಲು ಹೊಳೆದದ್ದು ದೊಡ್ಡ ರಿಪೇರಿ. ಆರನೇ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದುಕೊಂಡು, ಬೆಂಕಿಯಲ್ಲಿ ಸತ್ತದ್ದು ಅಪ್ಪನೇ ಅಲ್ಲ, ಅವರ ರೂಪ ತಾಳಿದ್ದ ಇನ್ಯಾರೋ ಅಂತ ತೋರಿಸೋಣ ಎಂದೆ. ಈ ಉಪಾಯಕ್ಕೆ ದೊಡ್ಡ ವಂಶಾವಳಿಯೇ ಇದೆ. 1980ರಲ್ಲಿ ಅಮೆರಿಕದ ಮಾರ್ವೆಲ್ ಪ್ರಕಾಶನದ ಎಕ್ಸ್-ಮೆನ್ 137ನೇ ಸಂಚಿಕೆಯಲ್ಲಿ, ಅದೇ ಹೆಸರಿನ ವೀರರ ತಂಡದ ಜೀನ್ ಗ್ರೇ ಸತ್ತಳು. ಬರೆದವರು ಮೊದಲು ಅಂದುಕೊಂಡಿದ್ದು ಅವಳ ಶಕ್ತಿ ಕಿತ್ತುಕೊಂಡು ಬದುಕಲು ಬಿಡುವುದು. ಆದರೆ ಅವಳು ಅಷ್ಟರಲ್ಲಿ ಐನೂರು ಕೋಟಿ ಜನರಿದ್ದ ಒಂದು ಲೋಕವನ್ನೇ ಅಳಿಸಿಹಾಕಿದ್ದಳು. ಇಷ್ಟಕ್ಕೆ ಆ ಶಿಕ್ಷೆ ಸಾಲದು ಅಂತ ಮಾರ್ವೆಲ್‌ನ ಪ್ರಧಾನ ಸಂಪಾದಕ ಜಿಮ್ ಶೂಟರ್ ಪಟ್ಟು ಹಿಡಿದರು. ಕೊನೆಯ ಪುಟಗಳನ್ನು ಮತ್ತೆ ಬರೆದು ಬಿಡಿಸಬೇಕಾಯಿತು. ಆರು ವರ್ಷದ ಮೇಲೆ ಅವಳು ಬೇಕಾದಾಗ, ಸತ್ತದ್ದು ಅವಳಲ್ಲ, ಅವಳ ರೂಪ ತಾಳಿದ್ದ ಫೀನಿಕ್ಸ್ ಎಂಬ ಶಕ್ತಿ, ನಿಜವಾದ ಜೀನ್ ನೀರಿನ ತಳದಲ್ಲಿ ಗೂಡಿನೊಳಗೆ ಮಲಗಿದ್ದಳು ಅಂತ ಬರೆದರು. ಅಪರಾಧವೂ ಹೋಯಿತು, ಪಶ್ಚಾತ್ತಾಪವೂ ಹೋಯಿತು. ನನಗೆ ಅದು ಇವತ್ತಿಗೂ ಇಷ್ಟವಿಲ್ಲ. ಆದರೆ ನನ್ನ ತಲೆ ಉಳಿಸಿಕೊಳ್ಳಲು ಅದೇ ಬೇಕಾಯಿತು ನೋಡಿ!

ನಮ್ಮ ಹಿರಿಯ ಸಂಪಾದಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಡೋನಾ ಟ್ರಾಯ್ ಕಥೆ ಗೊತ್ತಲ್ವಾ ನಿನಗೆ?" ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡಿಸಿ ಅನ್ನುವ ಅಮೆರಿಕದ ಇನ್ನೊಂದು ಪ್ರಕಾಶನದ ವಂಡರ್ ವುಮನ್ ಪತ್ರಿಕೆಯಲ್ಲಿ ವಂಡರ್ ಗರ್ಲ್ ಅಂದರೆ ವಂಡರ್ ವುಮನ್‌ಳೇ, ಹುಡುಗಿಯಾಗಿದ್ದಾಗ. 1965ರಲ್ಲಿ ಡಿಸಿಯಲ್ಲೇ ಇನ್ನೊಂದು ಪತ್ರಿಕೆಗೆ ಬರಹಗಾರ ಬಾಬ್ ಹೇನಿ ಹದಿಹರೆಯದ ವೀರರ ಒಂದು ತಂಡ ಕಟ್ಟುವಾಗ ರಾಬಿನ್, ಕಿಡ್ ಫ್ಲ್ಯಾಶ್ ಜೊತೆಗೆ ವಂಡರ್ ಗರ್ಲ್‌ಳನ್ನೂ ಸೇರಿಸಿದರು. ಬೇರೆ ಹುಡುಗಿ ಎಂಬಂತೆ. ಆ ಪತ್ರಿಕೆಯನ್ನೂ ಈ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ನಾಲ್ಕು ವರ್ಷ ಅವಳು ಯಾರ ಮಗಳು ಅಂತ ಯಾರಿಗೂ ಗೊತ್ತಿರಲಿಲ್ಲ. 1969ರಲ್ಲಿ ಬರಹಗಾರ ಮಾರ್ವ್ ವುಲ್ಫ್‌ಮನ್ ಉತ್ತರ ಕೊಟ್ಟರು: ಅವಳ ಹೆಸರು ಡೋನಾ ಟ್ರಾಯ್, ಬೆಂಕಿ ಬಿದ್ದ ಮನೆಯಿಂದ ವಂಡರ್ ವುಮನ್ ಎತ್ತಿಕೊಂಡು ಬಂದ ಅನಾಥ ಮಗು. ಚೆನ್ನಾಗಿಯೇ ಇತ್ತು. 1984ರಲ್ಲಿ ಅವರೇ ಚಿತ್ರಕಾರ ಜಾರ್ಜ್ ಪೆರೆಝ್ ಜೊತೆ ಸೇರಿ ಆ ಮಗುವಿನ ಹೆತ್ತವರನ್ನು ಹುಡುಕುವ ಕಥೆ ಮಾಡಿದರು. ನನ್ನ ಪ್ರಕಾರ ಅವಳ ಕಥೆಗಳಲ್ಲೇ ಒಳ್ಳೆಯದು ಅದು. ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು.

ಬಿಡಲಿಲ್ಲ. 1985ರಲ್ಲಿ ಡಿಸಿಯವರು ತಮ್ಮ ಎಲ್ಲ ಗೊಂದಲಗಳನ್ನೂ ಒಂದೇ ಏಟಿಗೆ ತೊಳೆಯಲು ಹೊರಟರು. 12 ಸಂಚಿಕೆಗಳ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್'. ಮಾಡಿದವರು ಮತ್ತೆ ಅದೇ ವುಲ್ಫ್‌ಮನ್, ಪೆರೆಝ್. ತಯಾರಿ ಕಮ್ಮಿ ಏನಿರಲಿಲ್ಲ. ಡಿಸಿಯ ಹಳೇ ಕಾಮಿಕ್ಸ್ ಓದಿ ಟಿಪ್ಪಣಿ ಮಾಡುವುದಕ್ಕೇ ಪೀಟರ್ ಸ್ಯಾಂಡರ್‌ಸನ್ ಎಂಬುವರನ್ನು ಇಟ್ಟುಕೊಂಡಿದ್ದರು. (ಆ ಕೆಲಸ ನನಗೆ ಸಿಕ್ಕಿದ್ದರೆ ಸಂಬಳ ಕೇಳುತ್ತಿರಲಿಲ್ಲ.) ಅದುವರೆಗೆ ಡಿಸಿಯ ಕಥೆಗಳು ನಡೆಯುತ್ತಿದ್ದ ಹಲವು ಭೂಮಿಗಳು ಹೋಗಿ ಒಂದೇ ಭೂಮಿ ಆಯಿತು. ಆದರೆ ಹೊಸ ಲೆಕ್ಕ ಎಲ್ಲ ಪತ್ರಿಕೆಗಳಲ್ಲೂ ಒಂದೇ ದಿನ ಶುರುವಾಗಲಿಲ್ಲ. ಸೂಪರ್‌ಮ್ಯಾನ್ 1986ರಲ್ಲಿ ಹೊಸದಾಗಿ ಶುರುವಾದ. ಅವನು ಹುಡುಗನಾಗಿದ್ದಾಗ ಸೂಪರ್‌ಬಾಯ್ ಆಗಿರಲೇ ಇಲ್ಲ ಅಂದರು. ಹಾಗಾದರೆ ಸೂಪರ್‌ಬಾಯ್‌ನನ್ನು ನೋಡಿ ಹುಟ್ಟಿದ ಲೀಜನ್ ಎಂಬ ಭವಿಷ್ಯದ ವೀರರ ತಂಡ ಎಲ್ಲಿಂದ ಬಂತು? ವಂಡರ್ ವುಮನ್ 1987ರಲ್ಲಿ ಹೊಸದಾಗಿ ಶುರುವಾದಳು. ಆಗ ತಾನೇ ತನ್ನ ದ್ವೀಪ ಬಿಟ್ಟು ಹೊರಗೆ ಬಂದವಳು. ಡೋನಾ ಅದಕ್ಕೂ ವರ್ಷಗಳ ಹಿಂದಿನಿಂದ ವಂಡರ್ ಗರ್ಲ್! ಅಕ್ಕನಿಗಿಂತ ಮೊದಲೇ ತಂಗಿ ಅಕ್ಕನ ಸೀರೆ ಉಟ್ಟು ಓಡಾಡಿದ ಹಾಗೆ.

ಆಮೇಲೆ ತೇಪೆಯೋ ತೇಪೆ. ಅವಳನ್ನು ಕಾಪಾಡಿದ್ದು ವಂಡರ್ ವುಮನ್ ಅಲ್ಲ, ಗ್ರೀಕ್ ಪುರಾಣದ ಟೈಟನ್ನರು ಅಂದರು. 90ರ ದಶಕದಲ್ಲಿ, ಅವಳು ವಂಡರ್ ವುಮನ್‌ಳ ಕನ್ನಡಿ ಬಿಂಬಕ್ಕೆ ಜೀವ ಬಂದವಳು ಅಂದರು. 2011ರಲ್ಲಿ ಡಿಸಿ ಎಲ್ಲವನ್ನೂ ಮತ್ತೊಮ್ಮೆ ಒರೆಸಿತು. ಆಮೇಲೆ ಬಂದ ಡೋನಾ, ವಂಡರ್ ವುಮನ್‌ಳನ್ನು ಮುಗಿಸಲು ಮಣ್ಣಿನಿಂದ ಮಾಡಿದ ಗೊಂಬೆ. ಇದೆಲ್ಲ 1965ರಲ್ಲಿ ಯಾರೋ ಪಕ್ಕದ ಮೇಜಿಗೆ ಹೋಗಿ "ರೀ, ಈ ಹುಡುಗಿ ಯಾರು?" ಅಂತ ಕೇಳದೇ ಇದ್ದದ್ದಕ್ಕೆ.

ನಾಲ್ಕು ಪುಟದ ನನ್ನ ಕಾಗದವನ್ನು ಹಿರಿಯರು ಮಡಚಿ ವಾಪಸ್ ಕೊಟ್ಟರು. "ಒಂದೇ ಒಂದು ಬಲೂನಿನಲ್ಲಿ ಮುಗಿಯುವ ದಾರಿ ಹುಡುಕು. ಇಲ್ಲದಿದ್ದರೆ ತಪ್ಪಾಯಿತು ಅಂತ ಅಚ್ಚು ಹಾಕಿ ಬಿಟ್ಟುಬಿಡೋಣ" ಅಂದರು.

ದಾರಿ ಹುಡುಕುವ ಮೊದಲು ಒಂದು ಲೆಕ್ಕದ ಪುಸ್ತಕ ಮಾಡಿದೆ. ಅಂಗಡಿಯವರು ಇಡುವ ಉದ್ದನೆಯ ಪುಸ್ತಕವೇ. ಕಂಪ್ಯೂಟರ್‌ನಲ್ಲಿ ಮಾಡಬಹುದಿತ್ತು, ಆದರೆ ಮೇಜಿನ ಮೇಲೆ ತೆರೆದು ಬಿದ್ದಿದ್ದರೆ ಎಲ್ಲರೂ ಬಗ್ಗಿ ನೋಡುತ್ತಾರೆ. ಸಂಚಿಕೆ, ಪುಟ, ಪ್ಯಾನಲ್, ಏನು ಹೇಳಿದೆವು: ನಾಲ್ಕೇ ಕಾಲಂ. ಅಚ್ಚಾಗಿದ್ದನ್ನು ಪೆನ್ನಿನಲ್ಲಿ ಬರೆಯುವುದು. ಮೀಟಿಂಗಿನಲ್ಲಿ ಮಾತಾಡಿದ್ದು, ಕಥಾಸಾರದಲ್ಲಿದ್ದದ್ದು ಪೆನ್ಸಿಲ್‌ನಲ್ಲಿ. ಪೆನ್ಸಿಲ್ ನಂಬಿ ಯಾರೂ ಬರೆಯಬಾರದು. ನಮ್ಮ ಅಪ್ಪಾಜಿ ಬದುಕಿದ್ದು ಪೆನ್ಸಿಲ್‌ನಲ್ಲಿ ಮಾತ್ರ. ಹುಬ್ಬಿನ ಮೇಲಿನ ಗಾಯ ಎಡಕ್ಕೋ ಬಲಕ್ಕೋ, ಊರ ಹೆಸರಿಗೆ ಯಾವ ಕಾಗುಣಿತ, ಎಲ್ಲ ಅದರಲ್ಲಿ. ಊರ ಹೆಸರು ಬದಲಾಯಿಸುವುದು ತಪ್ಪೇನಲ್ಲ. ಇಂದ್ರಜಾಲ ಕಾಮಿಕ್ಸ್‌ನವರು ಫ್ಯಾಂಟಮ್‌ನ ದೇಶ ಬೆಂಗಾಲಿಯನ್ನು ಡೆಂಕಾಲಿ ಮಾಡಿದ್ದರಲ್ಲ. ಬದಲಾಯಿಸಿದ ಮೇಲೆ ಅದಕ್ಕೇ ಅಂಟಿಕೊಳ್ಳಬೇಕು, ಅಷ್ಟೇ.

ಓದುವುದನ್ನೂ ಮೂರು ಸಲ ಮಾಡಿದೆ: ಸ್ಕ್ರಿಪ್ಟ್, ಪೆನ್ಸಿಲ್ ಚಿತ್ರ, ಅಕ್ಷರ ಕೂರಿಸಿದ ಪುಟ. ಮೂರನೆಯದನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತೇನೆ. ಮುಂದಕ್ಕೆ ಓದಿದರೆ ಕಥೆ ಎಳೆದುಕೊಂಡು ಹೋಗಿಬಿಡುತ್ತದೆ, ಕಣ್ಣು ತಪ್ಪನ್ನು ಹಾರಿಸಿಬಿಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಇಲ್ಲದ ಯಾವ ಮಾತಿಗೂ ಹಳದಿ ಗುರುತು. ತಪ್ಪುಗಳಲ್ಲಿ ಜಾಸ್ತಿ ಸಿಗುವುದು ಹಳದಿಯಲ್ಲೇ.

ಅಷ್ಟರಲ್ಲಿ ಪತ್ರಗಳು ಬಂದವು. ಬೈದವರೇ ಹೆಚ್ಚು. ದಾವಣಗೆರೆಯಿಂದ ಒಬ್ಬ ಹುಡುಗ ಮಾತ್ರ ಬೇರೆ ಥರ ಬರೆದಿದ್ದ: "ಅವಳು ಮಾತಾಡಿದ್ದು ದೊಡ್ಡಪ್ಪನ ಹತ್ತಿರ ಅಲ್ವಾ? ನಮ್ಮ ಮನೇಲೂ ದೊಡ್ಡಪ್ಪನಿಗೆ ಅಪ್ಪಾಜಿ ಅಂತಾನೇ ಕರೆಯೋದು."

ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಆರನೇ ಸಂಚಿಕೆಯಲ್ಲಿ ಬಾಗಿಲಲ್ಲಿ ಚೀಲ ಹಿಡಿದು ನಿಂತ ಹಿರಿಯರೊಬ್ಬರು. ಗೆಳತಿಗೆ ಅವಳು ಹೇಳುವುದು ಒಂದೇ ಬಲೂನ್: "ನಮ್ಮ ದೊಡ್ಡಪ್ಪ. ಅಪ್ಪ ಹೋದ ಮೇಲೆ ಇವರೇ ಅಪ್ಪಾಜಿ." ಆ ದೊಡ್ಡಪ್ಪ ಎಷ್ಟು ಹಿಡಿಸಿದರು ಅಂದರೆ, ಬರಹಗಾರರಿಬ್ಬರೂ ಅವರಿಗಾಗಿ ಜಗಳ ಆಡತೊಡಗಿದರು. ಹಲ್ಕ್‌ನದ್ದೂ ಹೀಗೇ ಆಗಿತ್ತು. 1962ರ ಮೊದಲ ಸಂಚಿಕೆಯಲ್ಲಿ ಅವನ ಬಣ್ಣ ಬೂದು. ಅಚ್ಚಿನಲ್ಲಿ ಬೂದು ಒಂದೇ ಥರ ಬರಲಿಲ್ಲ ಅಂತ ಎರಡನೆಯದರಲ್ಲಿ ಹಸಿರು ಮಾಡಿದರು. 80ರ ದಶಕದಲ್ಲಿ ಅದೇ ಬೂದು ಬಣ್ಣದಿಂದ ಬೇರೆ ಸ್ವಭಾವದ ಇನ್ನೊಬ್ಬ ಹಲ್ಕ್‌ನನ್ನೇ ಹುಟ್ಟಿಸಿದರು.

ಮಾರ್ವೆಲ್‌ನಲ್ಲಿ ಸ್ಟ್ಯಾನ್ ಲೀ ಶುರು ಮಾಡಿದ 'ನೋ-ಪ್ರೈಜ್' ಅಂತ ಒಂದು ತಮಾಷೆ ಇತ್ತು. ತಪ್ಪು ಹಿಡಿದು, ಅದು ತಪ್ಪೇ ಅಲ್ಲ ಅಂತ ಸಾಧಿಸಿದ ಓದುಗರಿಗೆ ಬಹುಮಾನ: ಒಂದು ಖಾಲಿ ಲಕೋಟೆ. ನಾನೂ ದಾವಣಗೆರೆಯ ಹುಡುಗನಿಗೆ ಅಂಥದ್ದೇ ಒಂದು ಲಕೋಟೆ ಕಳಿಸಿದೆ. ಮೇಲೆ "ಅಭಿನಂದನೆಗಳು" ಅಂತ ದೊಡ್ಡದಾಗಿ ಬರೆದಿದ್ದೆ.

ವಾರದ ನಂತರ ಆಫೀಸಿಗೆ ಫೋನ್ ಬಂತು. ಹುಡುಗನ ತಾಯಿ. "ಸಾರ್, ಕವರ್ ಬಂತು, ಒಳಗೆ ಏನೂ ಇರ್ಲಿಲ್ಲ. ಪೋಸ್ಟಾಫೀಸಲ್ಲಿ ಕೇಳಿದ್ರೆ ಬೈದು ಕಳಿಸಿದ್ರು. ಎಷ್ಟು ದುಡ್ಡು ಹಾಕಿದ್ರಿ?"