ಕೆನೋಗೆ ಹಾಯಿ ಕಟ್ಟುವಾಗ: ಬಟ್ಟೆಗಿಂತ ಕಂಬದ ಬುಡ, ಪಕ್ಕಹಲಗೆ ಮುಖ್ಯ

ಹುಟ್ಟು ಹಾಕಿ ನಡೆಸುವ ಕೆನೋಗೆ ಹಾಯಿ ಕಟ್ಟಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಬಟ್ಟೆ, ಎಷ್ಟು ದೊಡ್ಡದು ಎಂದು. ಬಟ್ಟೆ ಸಾಧಾರಣದ್ದಾದರೂ ದೋಣಿ ಓಡುತ್ತದೆ. ಕಂಬದ ಬುಡ ಸಡಿಲವಿದ್ದರೆ, ಇಲ್ಲವೇ ನೀರಿಗಿಳಿಯುವ ಪಕ್ಕಹಲಗೆ ಅದರ ಜಾಗದಲ್ಲಿ ಇಲ್ಲದಿದ್ದರೆ, ಪೇಟೆಯಲ್ಲಿ ಸಿಗುವ ಅತ್ಯುತ್ತಮ ಹಾಯಿ ಹಾಕಿದರೂ ದೋಣಿ ಮುಂದೆ ಹೋಗುವುದಕ್ಕಿಂತ ಅಡ್ಡ ಜಾರುವುದೇ ಹೆಚ್ಚು. ಹಾಗಾಗಿ ದುಡ್ಡು, ಸಮಯ ಎರಡನ್ನೂ ನಾನು ಮೊದಲು ಹಾಕುವುದು ಈ ಎರಡಕ್ಕೆ.

ಇಲ್ಲಿ ಕೊಡುವ ಅಳತೆಗಳು 16 ಅಡಿಯ, ಅಂದರೆ 488 ಸೆಂ.ಮೀ. ಉದ್ದದ ಫೈಬರ್‌ಗ್ಲಾಸ್ ತೆರೆದ ಕೆನೋದವು. ನಡುವಿನಲ್ಲಿ 90 ಸೆಂ.ಮೀ. ಅಗಲ, 33 ಸೆಂ.ಮೀ. ಆಳ. ಓಡಿಸುವ ನೀರು, ಸೀತಾ ಮತ್ತು ಸ್ವರ್ಣಾ ನದಿಗಳು ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಸಮುದ್ರ ಸೇರುವ ಮುನ್ನ ಹರಡಿಕೊಳ್ಳುವ ಹಿನ್ನೀರು. 15ರಿಂದ 17 ಅಡಿಯ ಯಾವ ಕೆನೋಗಾದರೂ ಇದೇ ಲೆಕ್ಕ ಹೊಂದುತ್ತದೆ. ಕಯಾಕ್‌ಗೆ ಹೊಂದುವುದಿಲ್ಲ, ಅದರ ಅಗಲ ಸಾಲದು.

ಹಾಯಿಯ ಬಗೆಗಳಲ್ಲಿ ನನ್ನ ಆಯ್ಕೆ ಬ್ಯಾಲೆನ್ಸ್ಡ್ ಲಗ್. ಮೇಲೊಂದು ಕೋಲು, ಕೆಳಗೊಂದು ಕೋಲು, ನಡುವೆ ನಾಲ್ಕು ಮೂಲೆಯ ಬಟ್ಟೆ. ಬಟ್ಟೆಯ ಸ್ವಲ್ಪ ಭಾಗ ಕಂಬದ ಮುಂದಕ್ಕೂ ಚಾಚಿರುತ್ತದೆ. ಪಶ್ಚಿಮ ಕರಾವಳಿಯ ಹಳೆಯ ದೋಣಿಗಳ ಮೂರು ಮೂಲೆಯ ಲಟೀನ್ ಹಾಯಿ ನೋಡಲು ಚೆಂದ, ಗಾಳಿಯನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ಮೇಲಿನ ಕೋಲು ಬಹಳ ಉದ್ದ, ದಿಕ್ಕು ಬದಲಿಸುವಾಗ ಅದನ್ನು ಕಂಬದ ಆಚೆಗೆ ದಾಟಿಸುವ ಕೆಲಸ ಬೇರೆ. ಕೆನೋದಲ್ಲಿ ಎದ್ದು ನಿಂತು ಆ ಕೆಲಸ ಮಾಡಲಾಗದು. ಲಗ್ ಹಾಯಿಯ ಯಾವ ಕೋಲೂ 2.75 ಮೀಟರ್ ಮೀರುವುದಿಲ್ಲ. ಬೇಡವೆಂದಾಗ ಎಲ್ಲವನ್ನೂ ಸುತ್ತಿ ದೋಣಿಯೊಳಗೇ ಮಲಗಿಸಿ ಹುಟ್ಟು ಹಿಡಿಯಬಹುದು. ಏರಿಸುವ ಹಗ್ಗ ಬಿಟ್ಟರೆ ಹಾಯಿ ಒಂದೇ ಸಲಕ್ಕೆ ಕೆಳಗೆ ಬೀಳುತ್ತದೆ, ಇದು ದೊಡ್ಡ ಗುಣ.

ಹಾಯಿಯ ಅಳತೆ ಹೀಗೆ: ಮುಂದಿನ ಅಂಚು 125 ಸೆಂ.ಮೀ., ಕೆಳಗಿನದು 180, ಮೇಲಿನದು 190, ಹಿಂದಿನದು 289. ಮುಂದಿನ ಕೆಳಮೂಲೆಯಿಂದ ತುತ್ತತುದಿಗೆ ಕರ್ಣ 302. ಈ ಕರ್ಣ ಹಿಡಿದು ಗುರುತು ಹಾಕಿದರೆ ಮಾತ್ರ ಆಕಾರ ಸರಿಯಾಗಿ ಬರುತ್ತದೆ, ಬರೀ ನಾಲ್ಕು ಬದಿಯ ಅಳತೆ ನಂಬಿದರೆ ಚೌಕಟ್ಟು ಹೇಗೆ ಬೇಕಾದರೂ ವಾಲಬಹುದು. ವಿಸ್ತೀರ್ಣ 3.2 ಚದರ ಮೀಟರ್. ಇದಕ್ಕಿಂತ ದೊಡ್ಡದು ಏಕೆ ಬೇಡ ಎಂಬುದಕ್ಕೆ ಸರಳ ಲೆಕ್ಕವಿದೆ. 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಗಾಳಿಯಲ್ಲಿ ಈ ಹಾಯಿಯ ಮೇಲೆ ಸುಮಾರು 10 ಕಿಲೋ ಒತ್ತಡ ಬೀಳುತ್ತದೆ. ಹಾಯಿಯ ಒತ್ತಡದ ಕೇಂದ್ರಕ್ಕೂ ನೀರೊಳಗಿನ ಹಲಗೆಯ ನಡುವಿಗೂ 1.9 ಮೀಟರ್ ಅಂತರ. ದೋಣಿಯನ್ನು ವಾಲಿಸುವ ಆ ಬಲಕ್ಕೆ ಎದುರಾಗಿ 65 ಕಿಲೋ ತೂಕದವರು ಗಾಳಿಯ ಕಡೆಗೆ 30 ಸೆಂ.ಮೀ. ಸರಿದು ಕೂರಬೇಕು. 90 ಸೆಂ.ಮೀ. ಅಗಲದ ದೋಣಿಯಲ್ಲಿ ಸರಿಯಲು ಇರುವ ಜಾಗವೇ ಅಷ್ಟು.

ಬಟ್ಟೆಗೆ 200ರಿಂದ 250 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಟಾರ್ಪಾಲು ಸಾಕು. ತೆಳುವಾದ ನೀಲಿ ಟಾರ್ಪಾಲು ಐಲೆಟ್ (ಹಗ್ಗ ಪೋಣಿಸುವ ಲೋಹದ ಬಳೆ) ಬಳಿ ಹರಿಯುತ್ತದೆ, ಫ್ಲೆಕ್ಸ್ ಬ್ಯಾನರು ಭಾರ ಮತ್ತು ಮಡಿಸಿದಲ್ಲಿ ಸೀಳುತ್ತದೆ, ಕೊಡೆಯ ನೈಲಾನು ಹಿಗ್ಗುತ್ತದೆ. ಪಾಲಿಯೆಸ್ಟರ್ ಹಾಯಿಬಟ್ಟೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಚುಗಳನ್ನು ನೇರ ಕತ್ತರಿಸಬಾರದು. ಮೇಲಿನ ಅಂಚು ನಡುವಿನಲ್ಲಿ 5 ಸೆಂ.ಮೀ., ಕೆಳಗಿನದು 4, ಮುಂದಿನದು ಒಂದೂವರೆ ಸೆಂ.ಮೀ. ಹೊರಕ್ಕೆ ಬಾಗಿರಬೇಕು. ನೇರ ಕೋಲಿಗೆ ಈ ಬಾಗು ಅಂಚನ್ನು ಎಳೆದು ಕಟ್ಟಿದಾಗ ಹೆಚ್ಚುವರಿ ಬಟ್ಟೆ ನಡುವಿಗೆ ಸರಿದು ಹಾಯಿಗೆ ಹೊಟ್ಟೆ ಬರುತ್ತದೆ. ಹೊಟ್ಟೆಯಿಲ್ಲದ ಚಪ್ಪಟೆ ಹಾಯಿ ಹಿಂಗಾಳಿಗೆ ಹೇಗೋ ನಡೆಯುತ್ತದೆ, ಎದುರುಗಾಳಿಗೆ ಸತ್ತಂತೆ. ಹೊಲಿಯುವ ಮುನ್ನ ಮಡಿಕೆಗಳನ್ನು ಡಬಲ್ ಟೇಪಿನಿಂದ ಅಂಟಿಸಿ, ಪಾಲಿಯೆಸ್ಟರ್ ದಾರದಲ್ಲಿ 5 ಮಿ.ಮೀ. ಉದ್ದದ ಹೊಲಿಗೆ ಹಾಕಿ. ದರ್ಜಿಗೆ ಕೊಡುವುದಾದರೆ ಇದನ್ನು ಒತ್ತಿ ಹೇಳಿ. ಅವರು ಅಭ್ಯಾಸಬಲದಿಂದ ಸಣ್ಣ ಹೊಲಿಗೆ ಹಾಕಿದರೆ ಟಾರ್ಪಾಲು ಅಂಚೆಚೀಟಿಯ ಅಂಚಿನ ಹಾಗೆ ತೂತುಗಳ ಸಾಲಿನಲ್ಲೇ ಹರಿದು ಬರುತ್ತದೆ. ನಾಲ್ಕು ಮೂಲೆಗೂ ಮೂರು ಪದರ ಕೊಡಿ, ಮೇಲಿನ ಮತ್ತು ಕೆಳಗಿನ ಅಂಚಿಗೆ 20 ಸೆಂ.ಮೀ.ಗೊಂದು ಹಿತ್ತಾಳೆ ಐಲೆಟ್.

ಮೇಲ್ಗೋಲು, ಕೆಳಗೋಲು ಎರಡಕ್ಕೂ 2 ಮೀಟರಿನ ಬಿದಿರು, ದಪ್ಪ 35ರಿಂದ 40 ಮಿ.ಮೀ. ಟೊಳ್ಳು ಕಡಿಮೆಯಿರುವ ಗಟ್ಟಿಬಿದಿರೇ ಆಗಬೇಕು, ಅದೂ ನೆರಳಲ್ಲಿ ಒಣಗಿದ್ದು. ಹಸಿ ಬಿದಿರು ಬಿಸಿಲಿಗೆ ಗಿಣ್ಣಿನಿಂದ ಗಿಣ್ಣಿಗೆ ಸೀಳು ಬಿಡುತ್ತದೆ. ಎರಡೂ ತುದಿಗೆ ಮತ್ತು ಹಗ್ಗ ಕಟ್ಟುವ ಜಾಗಕ್ಕೆ ದಾರ ಬಿಗಿದು ಸುತ್ತಿ ಇಪಾಕ್ಸಿ ಕುಡಿಸಿದರೆ ಸೀಳು ಅಲ್ಲಿಗೆ ನಿಲ್ಲುತ್ತದೆ.

ಕಂಬಕ್ಕೆ 50 ಮಿ.ಮೀ. ಹೊರವ್ಯಾಸ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪು, ಉದ್ದ 2.75 ಮೀಟರ್. ಗಾಳಿಮರದ ಕೋಲೂ ಆದೀತು, ಆದರೆ ತೂಕವೆಲ್ಲ ಮೇಲಕ್ಕೆ ಹೋಗುತ್ತದೆ. ಪೈಪಿನ ಎರಡೂ ತುದಿಗೆ ಗಾಳಿಯಾಡದಂತೆ ಬಿರಡೆ ಹಾಕಿ. ದೋಣಿ ಮಗುಚಿದಾಗ ಒಳಗೆ ನೀರು ತುಂಬಿದ ಕಂಬ ದೋಣಿಯನ್ನು ಪೂರ್ತಿ ತಲೆಕೆಳಗು ಮಾಡಿಬಿಡುತ್ತದೆ.

ಈಗ ಬುಡ. ಕಂಬ ನಿಲ್ಲುವುದು ಮುಂತುದಿಯಿಂದ 140 ಸೆಂ.ಮೀ. ಹಿಂದೆ. ಅಲ್ಲಿ ಅಂಚಿನಿಂದ ಅಂಚಿಗೆ ಒಂದು ಅಡ್ಡಪಟ್ಟಿ, ಅದರಲ್ಲಿ 53 ಮಿ.ಮೀ. ತೂತು; ಅದರ ನೇರ ಕೆಳಗೆ ತಳದಲ್ಲಿ 35 ಮಿ.ಮೀ. ಆಳದ ಕುಳಿಯಿರುವ ಮರದ ದಿಮ್ಮಿ. ಅಡ್ಡಪಟ್ಟಿಯಿಂದ ಕುಳಿಗೆ 28 ಸೆಂ.ಮೀ. ಮಾತ್ರ ಅಂತರ, ಹಾಯಿಯ ಒತ್ತಡದ ಕೇಂದ್ರವಾದರೋ ಅಡ್ಡಪಟ್ಟಿಯಿಂದ ಒಂದೂವರೆ ಮೀಟರ್ ಮೇಲೆ. ಸನ್ನೆಕೋಲಿನ ಲೆಕ್ಕ ಹಾಕಿ ನೋಡಿ: ಮೇಲೆ 10 ಕಿಲೋ ತಳ್ಳಿದರೆ ಬುಡ ಪಕ್ಕಕ್ಕೆ 50 ಕಿಲೋಗೂ ಮಿಕ್ಕಿ ಒದೆಯುತ್ತದೆ, ಅಡ್ಡಪಟ್ಟಿ 60 ಕಿಲೋಗೂ ಮಿಕ್ಕಿ ಹೊರುತ್ತದೆ. ಎರಡು ಸ್ಕ್ರೂ ಹೊಡೆದು ಕೂರಿಸಿದ ದಿಮ್ಮಿ ಕಿತ್ತು ಬರುವುದು ಇದಕ್ಕೇ. ತಳವನ್ನು ಮರಳುಕಾಗದದಲ್ಲಿ ಉಜ್ಜಿ, 20×20 ಸೆಂ.ಮೀ. ದಿಮ್ಮಿಯನ್ನು ಇಪಾಕ್ಸಿಯಲ್ಲಿ ಕೂರಿಸಿ, ಅದರ ಮೇಲಿಂದ ತಳಕ್ಕೆ ಹಾಯುವಂತೆ ಎರಡು ಪದರ ಗ್ಲಾಸ್ ಮ್ಯಾಟ್ ಹಾಕಿ. ಕುಳಿಯ ಪಕ್ಕದಿಂದ ನೀರು ಹೊರಹೋಗಲು ಸಣ್ಣ ತೂತು ಇರಲಿ, ಇಲ್ಲದಿದ್ದರೆ ಮರ ಒಳಗಿಂದ ಕೊಳೆಯುತ್ತದೆ. ಅಡ್ಡಪಟ್ಟಿಯ ತೂತಿಗೆ ಚರ್ಮದ ಒಳಪದರ ಕೊಟ್ಟರೆ ಕಂಬ ಕಟಕಟ ಅನ್ನುವುದಿಲ್ಲ.

ಪಕ್ಕಹಲಗೆಯ ಕೆಲಸ ದೋಣಿ ಅಡ್ಡ ಜಾರದಂತೆ ತಡೆಯುವುದು. 18 ಮಿ.ಮೀ. ದಪ್ಪದ, ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ ಬೇಕು. ಅಡುಗೆಮನೆ ಕಪಾಟಿಗೆ ಕೊಡುವ ಐಎಸ್ 303 ಪ್ಲೈ ಉಪ್ಪುನೀರಿನಲ್ಲಿ ಪದರ ಬಿಡುತ್ತದೆ. ಅಳತೆ 85×25 ಸೆಂ.ಮೀ. ನೀರೊಳಗೆ 60 ಸೆಂ.ಮೀ. ಇಳಿದಾಗ ಅದರ ವಿಸ್ತೀರ್ಣ ಹಾಯಿಯ ಸುಮಾರು ಶೇಕಡಾ 4.7 ಆಗುತ್ತದೆ, ಅಷ್ಟು ಸಾಕು. ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು 3 ಮಿ.ಮೀ.ಗೆ ಇಳಿಯುವಂತೆ ಹತ್ತರಿ ಹಿಡಿಯಿರಿ. ಎರಡೂ ಅಂಚು ಚೌಕವಾಗಿದ್ದರೆ ನೀರಿನಲ್ಲಿ ಗುಂಯ್‌ಗುಡುತ್ತದೆ, ವೇಗವೂ ತಗ್ಗುತ್ತದೆ.

ಒಂದೇ ಬದಿಯಲ್ಲಿ ಒಂದೇ ಹಲಗೆ ಸಾಕು. ಅದು ಗಾಳಿಗೆ ಮರೆಯಾದ ಬದಿಯಲ್ಲಿದ್ದಾಗ ದೋಣಿಗೆ ಒತ್ತಿಕೊಳ್ಳುತ್ತದೆ, ದಿಕ್ಕು ಬದಲಿಸಿದ ಮೇಲೆ ದೋಣಿಯಿಂದ ದೂರಕ್ಕೆ ಎಳೆಯುತ್ತದೆ. ಹಲಗೆ ಹಿಡಿಯುವ ಅಡ್ಡಪಟ್ಟಿ ಗಟ್ಟಿಯಿರಬೇಕಾದದ್ದು ಈ ಎರಡನೆಯ ಹೊತ್ತಿಗೆ. 10×4 ಸೆಂ.ಮೀ. ಮರ, 110 ಸೆಂ.ಮೀ. ಉದ್ದ, ತುದಿಯಲ್ಲಿ ಕೆಳಮುಖವಾಗಿ 20×20 ಸೆಂ.ಮೀ.ನ ಒರಗುಪಟ್ಟಿ, ಮೂಲೆಗೆ ತ್ರಿಕೋನದ ಆಸರೆ. ಹಲಗೆಯನ್ನು ಒರಗುಪಟ್ಟಿಗೆ 12 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟು, 50 ಮಿ.ಮೀ. ವಾಷರು, ನಡುವೆ ರಬ್ಬರ್, ಹೊರಗೆ ಕೈಯಲ್ಲೇ ತಿರುಗಿಸುವ ನಟ್ಟಿನಿಂದ ಸೇರಿಸಿ. ಬಿಗಿ ಎಷ್ಟೆಂದರೆ ಹಲಗೆ ತಾನಾಗಿ ಮೇಲೇಳಬಾರದು, ತಳಕ್ಕೆ ಬಡಿದರೆ ಹಿಂದಕ್ಕೆ ಮಡಿಯಬೇಕು. ನಮ್ಮ ಹಿನ್ನೀರಿನಲ್ಲಿ ಮರಳದಿಣ್ಣೆ, ಚಿಪ್ಪಿನ ರಾಶಿ ಇದ್ದಕ್ಕಿದ್ದಂತೆ ಎದುರಾಗುತ್ತವೆ. ಮಡಿಯದ ಹಲಗೆ ದೋಣಿಯ ಅಂಚನ್ನೇ ಮುರಿಯುತ್ತದೆ.

ಹಲಗೆಯ ಈ ಅಡ್ಡಪಟ್ಟಿಯನ್ನು ಅಂಚಿಗೆ ಕೊರೆದು ಕೂರಿಸಬೇಡಿ, ಕ್ಲ್ಯಾಂಪಿನಂತೆ ಕೆಳಗಿಂದ ಬಿಗಿಯುವ ಹಾಗೆ ಮಾಡಿ. ಏಕೆಂದರೆ ಅದರ ಜಾಗ ನೀರಿನಲ್ಲೇ ಗೊತ್ತಾಗಬೇಕು. ಈ ಹಾಯಿಯ ಒತ್ತಡದ ಕೇಂದ್ರ ಕಂಬದಿಂದ 44 ಸೆಂ.ಮೀ. ಹಿಂದೆ ಬೀಳುತ್ತದೆ, ಹಲಗೆಯ ನಡುವನ್ನು ಕಂಬದಿಂದ 50 ಸೆಂ.ಮೀ. ಹಿಂದಿಟ್ಟು ಶುರುಮಾಡಿ. ಪಕ್ಕಗಾಳಿಯಲ್ಲಿ ಓಡುವಾಗ ಹುಟ್ಟನ್ನು ನೀರಿನಿಂದ ಎತ್ತಿ ನೋಡಿ. ದೋಣಿ ನಿಧಾನವಾಗಿ ಗಾಳಿಯತ್ತ ಮೂತಿ ತಿರುಗಿಸಿದರೆ ಅದೇ ಸರಿ, ಯಾಕೆಂದರೆ ಕೈ ತಪ್ಪಿದರೂ ದೋಣಿ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ಜೋರಾಗಿ ತಿರುಗಿದರೆ ಹಲಗೆಯನ್ನು 5 ಸೆಂ.ಮೀ. ಹಿಂದಕ್ಕೆ ಸರಿಸಿ, ಗಾಳಿಯಿಂದ ದೂರ ತಿರುಗಿದರೆ ಮುಂದಕ್ಕೆ. ಆದರೆ ಸರಿಸುವ ಮೊದಲು ದೋಣಿ ನೆಟ್ಟಗಿದೆಯೇ ನೋಡಿ. ವಾಲಿದ ಕೆನೋ ಹಲಗೆ ಎಲ್ಲಿದ್ದರೂ ಗಾಳಿಯತ್ತಲೇ ತಿರುಗುತ್ತದೆ, ಆಗ ತಪ್ಪು ಹಲಗೆಯದಲ್ಲ, ಕೂತವರದು.

ಹಗ್ಗಗಳಲ್ಲಿ ಏರುಹಗ್ಗ 6 ಮಿ.ಮೀ. ಪಾಲಿಯೆಸ್ಟರ್. ನೈಲಾನು ಹಿಗ್ಗುತ್ತದೆ, ಬಲೆಗೆ ಬಳಸುವ ಪಾಲಿಪ್ರೊಪಿಲೀನಿನಲ್ಲಿ ಗಂಟು ನಿಲ್ಲುವುದಿಲ್ಲ. ಮೇಲ್ಗೋಲಿಗೆ ಅದನ್ನು ಕಟ್ಟುವುದು ಕೆಳತುದಿಯಿಂದ ಶೇಕಡಾ 40ರ ದೂರದಲ್ಲಿ. ಕೆಳಗೋಲನ್ನು ಕಂಬದ ಬಳಿಯಿಂದ ಕಂಬದ ಅಡ್ಡಪಟ್ಟಿಗೆ ಎಳೆಯುವ ಇಳಿಹಗ್ಗಕ್ಕೆ ಎರಡು ಸಣ್ಣ ರಾಟೆ ಹಾಕಿ ಮೂರು ಪಟ್ಟು ಎಳೆತ ಬರುವಂತೆ ಮಾಡಿ, ಬರಿಗೈ ಬಲ ಸಾಲದು. ಲಗ್ ಹಾಯಿ ಕೆಲಸ ಮಾಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಮುಂದಿನ ಅಂಚು ಬಿಗಿಯಿಲ್ಲದಿರುವುದು. ಮೇಲ್ಗೋಲಿನ ಕೆಳತುದಿಯಿಂದ ಹಿಂದಿನ ಕೆಳಮೂಲೆಗೆ ಸುಕ್ಕು ಕಂಡರೆ ಇನ್ನೂ ಬಿಗಿಯಿರಿ. ತುತ್ತತುದಿಯಿಂದ ಮುಂದಿನ ಕೆಳಮೂಲೆಗೆ ತೆಳುವಾದ ಸುಕ್ಕು ಮೂಡಿದಾಗ ನಿಲ್ಲಿಸಿ. ಗಾಳಿ ತುಂಬಿದೊಡನೆ ಅದು ಮಾಯವಾಗುತ್ತದೆ. ಹಾಯಿಯನ್ನು ಹಿಡಿತದಲ್ಲಿಡುವ ಹಿಡಿಹಗ್ಗ 8 ಮಿ.ಮೀ., 5 ಮೀಟರ್, ಸದಾ ಕೈಯಲ್ಲಿ. ಅದನ್ನು ಎಲ್ಲಿಗೂ ಕಟ್ಟಬೇಡಿ, ಕೈಗೂ ಸುತ್ತಿಕೊಳ್ಳಬೇಡಿ. ಬೀಸುಗಾಳಿ ಬಂದಾಗ ಕೈ ಬಿಟ್ಟರೆ ಹಾಯಿ ಖಾಲಿಯಾಗಿ ಪಟಪಟಿಸುತ್ತದೆ, ದೋಣಿ ನೆಟ್ಟಗಾಗುತ್ತದೆ. ಕಟ್ಟಿದ್ದರೆ ನೀರಿಗೆ ಬೀಳುವುದು ಖಚಿತ.

ಚುಕ್ಕಾಣಿಗೆ ಒಂದೂವರೆ ಮೀಟರಿನ ಹುಟ್ಟು ಸಾಕು, ಗಾಳಿಯ ಮರೆಯ ಬದಿಯಲ್ಲಿ ಹಿಡಿಯಿರಿ. ದೂರದ ಓಟಕ್ಕೆ ಮಡಿಯುವ ಚುಕ್ಕಾಣಿ ಹಿತ, ಆದರೆ ಅದು ಆಮೇಲಿನ ಮಾತು. ಕೂರುವುದು ಸೀಟಿನ ಮೇಲಲ್ಲ, ತಳದಲ್ಲಿ, ನಡುವಿಗಿಂತ ತುಸು ಹಿಂದೆ.

ಈ ದೋಣಿ ಗಾಳಿಗೆದುರಾಗಿ, ಗಾಳಿ ಬರುವ ದಿಕ್ಕಿಗೆ ಸುಮಾರು 55 ಡಿಗ್ರಿ ಕೋನದವರೆಗೆ ಹೋಗುತ್ತದೆ. ಅದಕ್ಕಿಂತ ಹತ್ತಿರಕ್ಕೆ ಹಿಡಿದರೆ ಮೂತಿ ಎತ್ತಲೋ, ಹೋಗುವುದು ಎತ್ತಲೋ. ದಿಕ್ಕು ಬದಲಿಸುವಾಗ ಮೊದಲು ಗಾಳಿಯಿಂದ ತುಸು ದೂರ ತಿರುಗಿ ವೇಗ ತೆಗೆದುಕೊಳ್ಳಿ, ಮೈ ಮುಂದಕ್ಕೆ ಬಾಗಿಸಿ, ಹುಟ್ಟಿನಿಂದ ಒಂದು ಅಗಲ ಎಳೆತ ಕೊಡಿ. ಹಗುರ ಉದ್ದ ದೋಣಿಗೆ ನಡುದಾರಿಯಲ್ಲಿ ನಿಲ್ಲುವ ಚಟ, ಹುಟ್ಟು ಬಳಸಲು ನಾಚಿಕೆ ಬೇಡ. ಲಗ್ ಹಾಯಿ ಒಂದು ದಿಕ್ಕಿನಲ್ಲಿ ಕಂಬಕ್ಕೆ ಒತ್ತಿಕೊಂಡು ತುಸು ವಿಕಾರವಾಗಿ ಕಾಣುತ್ತದೆ, ವೇಗದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಕರಾವಳಿಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಬೆಳಿಗ್ಗೆ ಮೂಡಗಾಳಿ, ಮಧ್ಯಾಹ್ನದ ಮೇಲೆ ಪಡುಗಾಳಿ. ಬೆಳಿಗ್ಗೆ ಇಳಿತದ ಜೊತೆ ಪಡುವಣಕ್ಕೆ ಇಳಿದು, ಮಧ್ಯಾಹ್ನ ಭರತದ ಜೊತೆ ಮೇಲಕ್ಕೆ ಬರುವ ದಿನ ಸಿಕ್ಕರೆ ಹುಟ್ಟಿಗೆ ಕೆಲಸವೇ ಇಲ್ಲ. ನಡುವೆ ಗಾಳಿ ಪೂರ್ತಿ ಬೀಳುವ ಒಂದು ಹೊತ್ತಿರುತ್ತದೆ, ಊಟಕ್ಕೆ ಅದೇ ಸಮಯ. ಅಳಿವೆಯ ಹತ್ತಿರ ಮಾತ್ರ ಹಾಯಿ ಬೇಡ. ಇಳಿತದ ನೀರು ಹೊರಕ್ಕೆ, ಪಡುಗಾಳಿ ಒಳಕ್ಕೆ ನುಗ್ಗುವಾಗ ಅಲ್ಲಿ ಅಲೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ, ತೆರೆದ ಕೆನೋ ಅದನ್ನು ತಾಳದು. ಮಳೆಗಾಲದಲ್ಲಂತೂ ದೋಣಿ ಕೊಟ್ಟಿಗೆಯಲ್ಲಿರಲಿ. ಹಾಯಿಯ ತುದಿ ನೀರಿನಿಂದ ಮೂರೂವರೆ ಮೀಟರ್ ಎತ್ತರಕ್ಕೆ ಹೋಗುವುದರಿಂದ ಹೊಳೆ ದಾಟುವ ವಿದ್ಯುತ್ ತಂತಿಗಳ ಮೇಲೂ ಕಣ್ಣಿರಬೇಕು, ಅಲ್ಯೂಮಿನಿಯಂ ಕಂಬವಿದ್ದರೆ ಇನ್ನೂ ಹೆಚ್ಚು.

ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡಾಗ ಹಾಯಿ ಕುಗ್ಗಿಸಿ. ಕೆಳ ಅಂಚಿನಿಂದ 50 ಸೆಂ.ಮೀ. ಮೇಲೆ ಒಂದು ಸಾಲು ಐಲೆಟ್ ಹಾಕಿಟ್ಟಿದ್ದರೆ ಅಷ್ಟನ್ನು ಸುತ್ತಿ ಕೆಳಗೋಲಿಗೆ ಕಟ್ಟಬಹುದು, ಹಾಯಿ ಸುಮಾರು 2.3 ಚದರ ಮೀಟರಿಗೆ ಇಳಿಯುತ್ತದೆ. ನೊರೆ ಎಲ್ಲೆಡೆ ಹರಡಿದರೆ ಹಾಯಿ ಇಳಿಸಿ ದಡಕ್ಕೆ.

ಎರಡೂ ತುದಿಯಲ್ಲಿ ತೇಲುವಸ್ತು ಇಲ್ಲದೆ ಹಾಯಿ ಏರಿಸಲೇಬೇಡಿ. ಮುಚ್ಚಳ ಬಿಗಿದ 2 ಲೀಟರಿನ ಖಾಲಿ ಬಾಟಲಿಗಳನ್ನು ತುದಿಗೆ ಮೂವತ್ತರಂತೆ ಬಲೆಯಲ್ಲಿ ಬಿಗಿದು ಕಟ್ಟಿದರೆ ತಲಾ 60 ಲೀಟರ್ ತೇಲುವಿಕೆ, ಖರ್ಚಿಲ್ಲ. ಮಗುಚಿದರೆ ಕ್ರಮ ಹೀಗೆ: ದೋಣಿ ಬಿಡಬೇಡಿ, ಹಿಡಿಹಗ್ಗ ಬಿಡಿ, ಏರುಹಗ್ಗ ಬಿಚ್ಚಿ ಹಾಯಿಯನ್ನು ಕಂಬದಿಂದ ಕಳಚಿ, ಆಮೇಲೆ ಪಕ್ಕಹಲಗೆ ಹಿಡಿದು ದೋಣಿ ಎತ್ತಿ. ಹಾಯಿಯ ಮೇಲೆ ನೀರು ನಿಂತಿರುವಾಗ ಎತ್ತಲು ಹೋದರೆ ಬುಡ ಕಿತ್ತುಬರುತ್ತದೆ, ಅದೃಷ್ಟವಶಾತ್ ಎದ್ದರೂ ಗಾಳಿ ಮತ್ತೆ ಕೆಡವುತ್ತದೆ. ಲೈಫ್ ಜಾಕೆಟ್ ತೊಟ್ಟು ಇದನ್ನು ಎದೆಮಟ್ಟ ನೀರಿನಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕು.

ಮಕ್ಕಳನ್ನು ಕೂರಿಸುವುದಾದರೆ ಪಕ್ಕತೇಲು ಕಟ್ಟಿ. ಕರಾವಳಿಯ ಪಾತಿ ದೋಣಿಗೆ ಒಂದೇ ಬದಿಯಲ್ಲಿ ಮರದ ದಿಮ್ಮಿ ಕಟ್ಟುವ ಪದ್ಧತಿ ಇದೆ. ಹಾಯಿಗೆ ನಾನು ಎರಡೂ ಬದಿ ಬೇಕೆನ್ನುತ್ತೇನೆ. 160 ಮಿ.ಮೀ. ಪಿವಿಸಿ ಪೈಪು ಒಂದೂವರೆ ಮೀಟರ್ ಕತ್ತರಿಸಿ ಎರಡೂ ತುದಿ ಮುಚ್ಚಿದರೆ 30 ಲೀಟರ್ ತೇಲುವಿಕೆ. 240 ಸೆಂ.ಮೀ. ಅಡ್ಡಕೋಲಿಗೆ ಅವನ್ನು ಕಟ್ಟಿ, ದೋಣಿ ನೆಟ್ಟಗಿರುವಾಗ ನೀರಿನಿಂದ 6 ಸೆಂ.ಮೀ. ಮೇಲಿರಲಿ. ಎರಡೂ ಸದಾ ನೀರು ಮುಟ್ಟುತ್ತಿದ್ದರೆ ವೇಗ ಅರ್ಧ ಸತ್ತುಹೋಗುತ್ತದೆ. ಪೈಪಿನ ಮುಂತುದಿಗೆ ಚಪ್ಪಟೆ ಮುಚ್ಚಳ ಹಾಕದೆ, ಓರೆಯಾಗಿ ಕತ್ತರಿಸಿ ಪ್ಲೈ ತುಂಡಿನಿಂದ ಮುಚ್ಚಿ. ಚಪ್ಪಟೆ ಮೂತಿ ನೀರಿಗೆ ಮುಟ್ಟಿದೊಡನೆ ಬ್ರೇಕ್ ಹಿಡಿದಂತಾಗಿ ದೋಣಿ ಆ ಕಡೆಗೇ ತಿರುಗಿಬಿಡುತ್ತದೆ.