ಹಳ್ಳಿಗಾಡಿನ ಕೌಂಟಿಯಲ್ಲಿ ಅಪಾಯದ ಲೆಕ್ಕ ಹಾಕಿದ್ದು

ಅಮೆರಿಕದ ಹಳ್ಳಿಗಾಡಿನ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವಿಕೋಪ ತಗ್ಗಿಸುವ ಯೋಜನೆಗಾಗಿ, ನೆರೆ, ಬಿರುಗಾಳಿ, ಟಾರ್ನೇಡೊ (ಸುಂಟರಗಾಳಿ)ಗಳಿಂದ ಎಲ್ಲಿ ಎಷ್ಟು ಅಪಾಯ ಅಂತ ಲೆಕ್ಕ ಹಾಕುವ ಕೆಲಸ ನನಗೆ ಬಂದಿತ್ತು. 2000ನೇ ಇಸವಿಯ ಕಾಯ್ದೆಯ ಪ್ರಕಾರ, ಇಂಥ ಯೋಜನೆ ಇಲ್ಲದ ಕೌಂಟಿಗೆ ಫೆಮಾದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ವಿಕೋಪ ನಿರ್ವಹಣಾ ಸಂಸ್ಥೆಯ, ಕೆಲವು ಅನುದಾನ ಸಿಗುವುದಿಲ್ಲ. ಐದು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಹಳೇ ಯೋಜನೆಯಲ್ಲಿ ಇಸವಿ ಮಾತ್ರ ತಿದ್ದಿ ಕಳಿಸುವವರೂ ಇದ್ದಾರೆ, ಆ ಮಾತು ಬಿಡಿ.

ಮೊದಲು ತೆಗೆದಿದ್ದು ಫೆಮಾದ ನ್ಯಾಷನಲ್ ರಿಸ್ಕ್ ಇಂಡೆಕ್ಸ್. 18 ಬಗೆಯ ವಿಕೋಪಗಳಿಗೆ ಅದರಲ್ಲಿ ಅಂಕ ಇರುತ್ತದೆ. ನಮ್ಮ ಕೌಂಟಿ ಬಹುತೇಕ ಎಲ್ಲದರಲ್ಲೂ ಕೆಳಗಿತ್ತು. ವರ್ಷಕ್ಕೆ ಸರಾಸರಿ ಎಷ್ಟು ಡಾಲರ್ ನಷ್ಟ ಅನ್ನುವುದೇ ಆ ಅಂಕದ ಬುನಾದಿ. ಜನ ಕಡಿಮೆ, ಮನೆಗಳ ಬೆಲೆಯೂ ಕಡಿಮೆ ಅಂದಮೇಲೆ ನಷ್ಟ ಕಡಿಮೆ ಕಾಣಲೇಬೇಕು, ಅಲ್ವಾ? ಅದೇ ನಷ್ಟವನ್ನು ತಲಾ ಲೆಕ್ಕಕ್ಕೆ ಇಳಿಸಿದೆ. ಚಿತ್ರ ಬೇರೆಯೇ ಆಯಿತು.

ಆಮೇಲೆ ಅಮೆರಿಕದ ಹವಾಮಾನ, ಸಾಗರ ಸಂಸ್ಥೆ ನೋವಾ ಇಟ್ಟಿರುವ ಬಿರುಗಾಳಿಗಳ ದಾಖಲೆ. 1950ರಿಂದ ಟಾರ್ನೇಡೊ ಮಾತ್ರ. 1955ರಿಂದ ಗುಡುಗುಗಾಳಿ, ಆಲಿಕಲ್ಲು ಸೇರಿದವು. ಉಳಿದೆಲ್ಲ ಬಗೆಗಳು 1996ರ ನಂತರ. ಇದು ಗೊತ್ತಿಲ್ಲದೆ ಗ್ರಾಫ್ ಎಳೆದರೆ 1996ರಲ್ಲಿ ಆಕಾಶವೇ ಕಳಚಿ ಬಿದ್ದ ಹಾಗೆ ಕಾಣುತ್ತದೆ! ಆಲಿಕಲ್ಲಿನ ಚುಕ್ಕೆಗಳಂತೂ ಮ್ಯಾಪಿನಲ್ಲಿ ಹೆದ್ದಾರಿಯ ಉದ್ದಕ್ಕೂ ಸಾಲಾಗಿ ಕೂತಿದ್ದವು. ಆಲಿಕಲ್ಲಿಗೆ ಹೆದ್ದಾರಿ ಮೇಲೆ ಪ್ರೀತಿ ಏನಿಲ್ಲ. ನೋಡಿ ಹೇಳುವವರು ಅಲ್ಲಿದ್ದರು, ಅಷ್ಟೇ. ಹಾಗಾಗಿ ಅಕ್ಕಪಕ್ಕದ ಕೌಂಟಿಗಳನ್ನೂ ಸೇರಿಸಿಕೊಂಡು ಸರಾಸರಿ ತೆಗೆದೆ.

ಹೆಚ್ಚು ಹೊತ್ತು ಹಿಡಿದಿದ್ದು ನೆರೆ. ಇಲ್ಲಿನ ಬಹುಪಾಲು ಹಳ್ಳಗಳು ಫೆಮಾದ ನೆರೆ ನಕ್ಷೆಯಲ್ಲಿ ಸುಮ್ನೆ 'ಎ' ವಲಯ, ಅಂದರೆ ನೆರೆಯ ಅಪಾಯ ಇದೆ ಅಂತಷ್ಟೇ. ನೀರು ಎಷ್ಟು ಎತ್ತರ ಬರುತ್ತದೆ ಅನ್ನುವ ಅಂಕಿಯೇ ಇಲ್ಲ. 'ನೂರು ವರ್ಷದ ನೆರೆ' ಅಂದರೆ ಜನ ನಿಶ್ಚಿಂತೆಯಿಂದ ಇರುತ್ತಾರೆ. ಯಾವುದೇ ವರ್ಷ ಬರುವ ಸಾಧ್ಯತೆ ಶೇ. 1 ಅಂತ ಅದರ ಅರ್ಥ. 30 ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26ರಷ್ಟು. ಸಭೆಯಲ್ಲಿ ಹೀಗೆ ಹೇಳಿದಾಗಲೇ ಜನ ಕಿವಿ ಕೊಟ್ಟಿದ್ದು.

ನಕ್ಷೆಯಲ್ಲಿ ಇಲ್ಲದ್ದನ್ನು ರಸ್ತೆ ಇಲಾಖೆಯ ಗ್ರೇಡರ್ (ರಸ್ತೆ ಸಮ ಮಾಡುವ ಯಂತ್ರ) ಚಾಲಕರು ತುಂಬಿಕೊಟ್ಟರು. ದೊಡ್ಡ ಹಾಳೆಯ ಮ್ಯಾಪ್ ಹಾಸಿ ಕೈಗೆ ಮಾರ್ಕರ್ ಕೊಟ್ಟೆ, ಯಾವ ರಸ್ತೆ ಎಲ್ಲಿ ಮುಳುಗುತ್ತದೆ ಅಂತ ಗುರುತು ಹಾಕುತ್ತಾ ಹೋದರು. ಅವರು ತೋರಿಸಿದ ಒಂದು ಮೋರಿಗೆ ಹೋಗಿ ನೋಡಿದೆ. ಪೈಪಿನ ಬಾಯಿ ಅರ್ಧ ಜಲ್ಲಿಯಿಂದ ಮುಚ್ಚಿತ್ತು. ಪಕ್ಕದ ತಂತಿಬೇಲಿಯಲ್ಲಿ ಜೋಳದ ದಂಟುಗಳು ಸಿಕ್ಕಿಕೊಂಡಿದ್ದವು, ಅದೂ ರಸ್ತೆಯ ಮಟ್ಟಕ್ಕಿಂತ ಒಂದಡಿಗೂ ಮೇಲೆ. ಅಷ್ಟು ನೀರು ಹರಿಯುತ್ತಿದ್ದರೆ ಚಿಕ್ಕ ಕಾರು ಕೊಚ್ಚಿಹೋಗಲು ಸಾಕು. ಆಚೆಗಿನ ಮನೆಗಳಿಗೆ ಬೇರೆ ದಾರಿ ಇಲ್ಲ. ಮನೆಗಳೇನೋ ದಿಬ್ಬದ ಮೇಲಿವೆ, ನೆರೆ ವಲಯದಿಂದ ಹೊರಗೆ. ಹಾಗಾಗಿ ಯಾವ ಕೋಷ್ಟಕದಲ್ಲೂ ಅವು ಬಂದಿರಲಿಲ್ಲ. ಆದರೆ ಆಂಬುಲೆನ್ಸ್ ಹೋಗಬೇಕಲ್ಲ?

ಅದಕ್ಕೆ ಹೊಸ ಕಾಲಂ ಒಂದನ್ನು ಸೇರಿಸಿದೆ: ರಸ್ತೆ ಹಳ್ಳ ದಾಟುವ ಈ ಜಾಗ ಮುಚ್ಚಿದರೆ ಎಷ್ಟು ಮನೆಗಳ ಸಂಪರ್ಕ ಕಡಿದುಹೋಗುತ್ತದೆ? ಟಾರ್ನೇಡೊಗೂ ಅದೇ ರೀತಿ, ನೆಲಮಾಳಿಗೆ ಇಲ್ಲದ ಮೊಬೈಲ್ ಹೋಮ್‌ಗಳನ್ನು (ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಹಗುರ ಮನೆಗಳು) ಎಣಿಸಿದೆ. ಯೋಜನೆಯ ಕಾಮಗಾರಿ ಪಟ್ಟಿಯಲ್ಲಿ ಆ ಮೋರಿಗೆ ದೊಡ್ಡ ಪೈಪ್ ಹಾಕುವುದು ಮೊದಲು ಬಂತು. ಮೊಬೈಲ್ ಹೋಮ್‌ಗಳ ಹತ್ತಿರ ಆಶ್ರಯ ಕಟ್ಟುವುದು ಎರಡನೆಯದು.