ಬೀದಿ ಬದಿ ವ್ಯಾಪಾರಿಗಳು ಪಿಎಂ ಸ್ವನಿಧಿ ಸಾಲ ಪಡೆಯುವ ಬಗೆ

ತರಕಾರಿ, ಹೂವು, ತಿಂಡಿ, ಬಟ್ಟೆಬರೆಗಳನ್ನು ತಳ್ಳುಗಾಡಿಯಲ್ಲೋ ರಸ್ತೆ ಬದಿಯಲ್ಲೋ ಮಾರುವವರಿಗೆ ದುಡಿಮೆಯ ಬಂಡವಾಳ ಒದಗಿಸಲೆಂದು ಕೇಂದ್ರ ಸರ್ಕಾರವು 2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಯೋಜನೆಯನ್ನು ಆರಂಭಿಸಿತು. 2025ರ ಆಗಸ್ಟ್‌ನಲ್ಲಿ ಅದನ್ನು ಪರಿಷ್ಕರಿಸಿ, ಸಾಲ ನೀಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು. ಅಡಮಾನವಿಲ್ಲದೆ ಮೊದಲ ಬಾರಿ 15,000 ರೂಪಾಯಿವರೆಗೆ, ಅದನ್ನು ತೀರಿಸಿದ ಮೇಲೆ 25,000, ಆಮೇಲೆ 50,000 ರೂಪಾಯಿವರೆಗೆ ಸಾಲ ದೊರೆಯುತ್ತದೆ. ಇದು ಸಹಾಯಧನವೆಂದು ತಿಳಿದು ಪಡೆಯುವವರುಂಟು. ಆದರೆ ಇದು ಮರಳಿಸಲೇಬೇಕಾದ ಸಾಲ.

ಅರ್ಜಿ ಸಲ್ಲಿಸುವ ಮೊದಲು ನಿಮ್ಮ ಬಳಿ ಯಾವ ದಾಖಲೆಯಿದೆ ಎಂಬುದನ್ನು ನೋಡಿಕೊಳ್ಳಿ, ಏಕೆಂದರೆ ಹೆಚ್ಚಿನ ತೊಡಕು ಇಲ್ಲಿಯೇ ಇರುತ್ತದೆ. ಪಾಲಿಕೆ, ನಗರಸಭೆ ಅಥವಾ ಪುರಸಭೆ ನೀಡಿದ ವ್ಯಾಪಾರ ಪ್ರಮಾಣಪತ್ರವೋ ಗುರುತಿನ ಚೀಟಿಯೋ ಇದ್ದರೆ ದಾರಿ ಸುಲಭ. ಈ ಸಂಸ್ಥೆಗಳು ನಡೆಸುವ ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಅದೇ ಕಚೇರಿಯಿಂದ ಶಿಫಾರಸು ಪತ್ರ ಕೇಳಬೇಕು. ವ್ಯಾಪಾರಿಗಳ ಸಂಘದ ಸದಸ್ಯತ್ವ, ಹಿಂದೆ ವ್ಯಾಪಾರಕ್ಕಾಗಿ ಪಡೆದ ಸಾಲದ ಕಾಗದ ಮುಂತಾದವು ನೀವು ವ್ಯಾಪಾರಿ ಎಂಬುದಕ್ಕೆ ಆಧಾರವಾಗುತ್ತವೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಬಳಕೆಯಲ್ಲಿರಬೇಕು, ಇಲ್ಲವಾದರೆ ಒಟಿಪಿ ಬಾರದೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಅರ್ಜಿಯನ್ನು ಯೋಜನೆಯ ಜಾಲತಾಣದಲ್ಲಿ ಸ್ವತಃ ತುಂಬಬಹುದು, ಇಲ್ಲವೇ ಸಾಮಾನ್ಯ ಸೇವಾ ಕೇಂದ್ರದಲ್ಲಿ ತುಂಬಿಸಬಹುದು. ಈಗಾಗಲೇ ಖಾತೆಯಿರುವ ಬ್ಯಾಂಕನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಬಡ್ಡಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ವರ್ಷಕ್ಕೆ ಶೇ 7ರ ಬಡ್ಡಿ ಸಹಾಯಧನವಿದೆಯೆಂದು ಕೇಳಿ ಕಂತಿನಲ್ಲೇ ಅಷ್ಟು ಕಡಿಮೆಯಾಗುತ್ತದೆಂದು ಭಾವಿಸಬಾರದು: ಮೊದಲು ಬ್ಯಾಂಕ್ ನಿಗದಿಪಡಿಸಿದ ಪೂರ್ತಿ ಕಂತನ್ನು ಕಟ್ಟಬೇಕು, ಸಹಾಯಧನವು ತ್ರೈಮಾಸಿಕ ಲೆಕ್ಕದಲ್ಲಿ ನಂತರ ನಿಮ್ಮ ಖಾತೆಗೆ ಬರುತ್ತದೆ, ಅದೂ ಸಾಲದ ಖಾತೆ ಸುಸ್ತಿಯಾಗದಿದ್ದರೆ ಮಾತ್ರ. ಅವಧಿಗೆ ಮುನ್ನವೇ ತೀರಿಸಿದರೆ ದಂಡವಿಲ್ಲ. ಗಿರಾಕಿಗಳಿಂದ ಕ್ಯುಆರ್ ಕೋಡ್ ಮೂಲಕ ಹಣ ಪಡೆಯುವವರಿಗೆ ಕ್ಯಾಶ್‌ಬ್ಯಾಕ್ ಕೂಡ ಸಿಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯ ನಿಜವಾದ ಲಾಭವಿರುವುದು ಮುಂದಿನ ಹಂತದ ಸಾಲಗಳಲ್ಲಿ. ದಿನಬಡ್ಡಿಗೆ ಹಣ ತರುವುದನ್ನು ನಿಲ್ಲಿಸಲು 15,000 ಸಾಲದೇ ಹೋಗಬಹುದು, ಆದರೆ 50,000ದ ಬಂಡವಾಳ ಕೈಯಲ್ಲಿದ್ದರೆ ಸಗಟು ಮಾರುಕಟ್ಟೆಯಲ್ಲಿ ನಗದು ಕೊಟ್ಟೇ ಸರಕು ಎತ್ತಬಹುದು. ಎರಡನೆಯ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಯುಪಿಐಗೆ ಜೋಡಿಸಬಹುದಾದ ರುಪೇ ಕ್ರೆಡಿಟ್ ಕಾರ್ಡ್ ಪಡೆಯುವ ಅವಕಾಶವೂ ಇದೆ. ಆದ್ದರಿಂದ ಮೊದಲ ಸಾಲದ ಹಣವನ್ನು ಮನೆಖರ್ಚಿಗೆ ಬಳಸದೆ ಸರಕಿಗೇ ಹಾಕಿ, ಕಂತಿನ ಮೊತ್ತವನ್ನು ಪ್ರತಿದಿನದ ವ್ಯಾಪಾರದಲ್ಲೇ ಸ್ವಲ್ಪಸ್ವಲ್ಪವಾಗಿ ತೆಗೆದಿಡಿ.